ಅಮ್ಮನ ದುಃಖಕ್ಕೆ ನಾನು ಕೊಟ್ಟ ಅಂಕ

ಕಾಶಿಯ ಹರಿಶ್ಚಂದ್ರ ಘಾಟ್‌ನ ಪಕ್ಕದಲ್ಲೇ ಕರ್ನಾಟಕ ಘಾಟ್ ಇದೆ. ಅಪ್ಪನ ಅಸ್ಥಿಯನ್ನು ಗಂಗೆಯಲ್ಲಿ ಬಿಟ್ಟು ನಾನೂ ಅಮ್ಮನೂ ಅಲ್ಲಿನ ಮೆಟ್ಟಿಲ ಮೇಲೆ ಕುಳಿತಿದ್ದೆವು. ಫೈಲು ಹಿಡಿದ ಹುಡುಗಿಯೊಬ್ಬಳು ಹತ್ತಿರ ಬಂದಳು. ತಾನು ಮನಶ್ಶಾಸ್ತ್ರದ ವಿದ್ಯಾರ್ಥಿನಿ, ಹತ್ತು ನಿಮಿಷ ಮಾತಾಡಬಹುದೇ ಎಂದು ಹಿಂದಿಯಲ್ಲಿ ಕೇಳಿದಳು. ದಾಕ್ಷಿಣ್ಯಕ್ಕೆ ಹೂಂ ಅಂದೆ. ಒಪ್ಪಿಗೆ ಪತ್ರವನ್ನು ಓದದೆಯೇ ಸಹಿ ಹಾಕಿದೆ. ಅಮ್ಮನಿಗೆ ಹಿಂದಿ ಬಾರದು. ಅವಳ ಉತ್ತರಗಳನ್ನೂ ನಾನೇ ಕೊಟ್ಟೆ. ಒಂದರಿಂದ ಐದರೊಳಗೆ ನಿಮ್ಮ ದುಃಖ ಎಷ್ಟು? ನನಗೆ ಮೂರು, ಅಮ್ಮನಿಗೆ ನಾಲ್ಕು.

ಹುಡುಗಿ ಹೋದ ಮೇಲೆ ಅಮ್ಮ, "ಏನಂತೋ ಅವಳಿಗೆ?" ಎಂದಳು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನನ್ನನ್ನ ಒಂದು ಮಾತು ಕೇಳಬಾರದಿತ್ತೇನೋ?" ಎಂದಳು.

ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಮನುಷ್ಯರ ಮೇಲಿನ ಸಂಶೋಧನೆಗೆ ನಮ್ಮ ದೇಶದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಇದೆ. ಆರೋಗ್ಯಕ್ಕೆ ಸಂಬಂಧಿಸಿದ ಸಾಮಾಜಿಕ ಮತ್ತು ವರ್ತನೆಯ ಅಧ್ಯಯನಗಳಿಗೂ ಅದರಲ್ಲಿ ಒಂದು ಅಧ್ಯಾಯವಿದೆ. ಅದು ಹೇಳುವುದು ಸರಳ: ಭಾಗವಹಿಸುವವರಿಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಬೇಕು. ಓದಲು ಬಾರದವರಾದರೆ ನಿಷ್ಪಕ್ಷಪಾತಿ ಸಾಕ್ಷಿಯೊಬ್ಬರು ಇರಬೇಕು. ಯಾವಾಗ ಬೇಕಾದರೂ ಎದ್ದು ಹೋಗಬಹುದು, ಅದಕ್ಕೆ ದಂಡವಿಲ್ಲ. ಸಂಶೋಧನೆಯನ್ನು ಮೊದಲೇ ಪರಿಶೀಲಿಸುವ ನೈತಿಕ ಸಮಿತಿಯಲ್ಲಿ ತಜ್ಞರ ಜೊತೆ ಒಬ್ಬ ಸಾಮಾನ್ಯ ವ್ಯಕ್ತಿಯೂ ಕೂರಬೇಕು.

ಎದ್ದು ಹೋಗುವ ಹಕ್ಕು ಯಾಕಿಷ್ಟು ಮುಖ್ಯ? 1961ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಸ್ಟ್ಯಾನ್ಲಿ ಮಿಲ್‌ಗ್ರಾಮ್ ತಮ್ಮ ಪ್ರಯೋಗಗಳನ್ನು ಶುರು ಮಾಡಿದರು. ಇನ್ನೊಬ್ಬನಿಗೆ ಕರೆಂಟು ಶಾಕ್ ಕೊಡುತ್ತಿದ್ದೇವೆಂದು ಜನ ನಂಬಿದ್ದರು. ನಿಜವಾಗಿ ಶಾಕ್ ಇರಲಿಲ್ಲ. ಹಲವರು ಬೆವರಿದರು, ನಡುಗಿದರು, ಸಾಕು ಎಂದರು. ಮುಂದುವರಿಸಲೇಬೇಕು ಎಂಬ ಉತ್ತರ ಬಂತು. ಮೊದಲು ಪ್ರಕಟವಾದ ಪ್ರಯೋಗದಲ್ಲಿ 40 ಜನರಲ್ಲಿ 26 ಮಂದಿ 450 ವೋಲ್ಟ್‌ವರೆಗೂ ಹೋದರು. ವಿಜ್ಞಾನಕ್ಕೆ ದೊಡ್ಡ ಪಾಠ ಸಿಕ್ಕಿತು, ಆದರೆ ಆ ಸಂಕಟಕ್ಕೆ ಯಾರ ಒಪ್ಪಿಗೆಯೂ ಇರಲಿಲ್ಲ.

ಕಾಶಿಗೂ ಇಂಥ ಸಂಶೋಧಕರು ಬರುತ್ತಾರೆ. ಇಲ್ಲಿನ ಸ್ಮಶಾನ ಘಾಟ್‌ಗಳ ಕೆಲಸಗಾರರನ್ನೂ ರೈತರನ್ನೂ ಹೋಲಿಸಿದ ಮನಶ್ಶಾಸ್ತ್ರದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಸಾವನ್ನು ನೆನಪಿಸಿದಾಗ ರೈತರು ತಮ್ಮ ಸಂಸ್ಕೃತಿಯನ್ನು ಇನ್ನಷ್ಟು ಗಟ್ಟಿಯಾಗಿ ಸಮರ್ಥಿಸಿಕೊಂಡರು. ದಿನವೂ ಹೆಣ ಸುಡುವವರಲ್ಲಿ ಆ ನಿಷ್ಠೆ ಮೊದಲೇ ಹೆಚ್ಚಿತ್ತು, ನೆನಪಿಸಿದ್ದರಿಂದ ಬದಲಾಗಲಿಲ್ಲ. ಕುತೂಹಲದ ಫಲಿತಾಂಶವೇ. ಆದರೆ ಇಂಥ ಪ್ರಯೋಗಗಳಲ್ಲಿ ಸಾಮಾನ್ಯವಾಗಿ ನಿಜವಾದ ಉದ್ದೇಶವನ್ನು ಮೊದಲೇ ಹೇಳುವುದಿಲ್ಲ, ಹೇಳಿದರೆ ಉತ್ತರ ಬದಲಾಗುತ್ತದೆ. ಹಾಗಾಗಿಯೇ ಮುಗಿದ ಮೇಲೆ ಎಲ್ಲವನ್ನೂ ಬಿಡಿಸಿ ಹೇಳಿ, ನೋವಾಗಿದ್ದರೆ ಸಮಾಧಾನಪಡಿಸಿ ಕಳಿಸಬೇಕೆಂಬ ನಿಯಮವಿದೆ.

ಘಾಟ್‌ನ ಹೆಸರೇ ನನಗೆ ರಾಘವಾಂಕನ ಹರಿಶ್ಚಂದ್ರನನ್ನು ನೆನಪಿಸಿತು. ವಸಿಷ್ಠ, ವಿಶ್ವಾಮಿತ್ರರ ಪಂತಕ್ಕೆ ಸಿಕ್ಕವನು ಅವನು. ತಾನು ಪರೀಕ್ಷೆಯ ವಸ್ತುವೆಂದು ಅವನಿಗೆ ಗೊತ್ತಿಲ್ಲ. ರಾಜ್ಯ, ಹೆಂಡತಿ, ಮಗ ಎಲ್ಲವೂ ಹೋಗಿ ಇದೇ ಕಾಶಿಯ ಸುಡುಗಾಡು ಕಾದ. ಕೊನೆಗೆ ದೇವರು ಪ್ರತ್ಯಕ್ಷನಾದ, ಸತ್ತ ಮಗ ಎದ್ದು ಕುಳಿತ. ಸಂಶೋಧಕರ ಕೈಯಲ್ಲಿ ಆ ಶಕ್ತಿಯಿಲ್ಲ. ಆದ್ದರಿಂದ ಮೊದಲೇ ಕೇಳಬೇಕು.

ನಾನೇನೂ ಸಾಚಾ ಅಲ್ಲ. ನನ್ನ ಕೆಲಸದಲ್ಲಿ ಎ/ಬಿ ಟೆಸ್ಟ್ ದಿನನಿತ್ಯದ ಮಾತು: ಅರ್ಧ ಬಳಕೆದಾರರಿಗೆ ಒಂದು ಪರದೆ, ಉಳಿದರ್ಧಕ್ಕೆ ಇನ್ನೊಂದು. ಯಾರನ್ನೂ ಕೇಳುವುದಿಲ್ಲ. 2012ರ ಜನವರಿಯಲ್ಲಿ ಫೇಸ್‌ಬುಕ್ 6,89,003 ಜನರ ಫೀಡ್‌ನಲ್ಲಿ ಸಂತಸದ ಅಥವಾ ಬೇಸರದ ಪೋಸ್ಟ್‌ಗಳನ್ನು ಕಡಿಮೆ ಮಾಡಿ ಅವರ ಮನಸ್ಸಿನ ಮೇಲಾಗುವ ಪರಿಣಾಮ ನೋಡಿತು. 2014ರಲ್ಲಿ ವರದಿ ಬಂದಾಗ ಟೀಕೆ ಸುರಿಯಿತು. ಖಾತೆ ತೆರೆಯುವಾಗ ಷರತ್ತುಗಳನ್ನು ಒಪ್ಪಿದ್ದೇ ಸಮ್ಮತಿ ಎಂಬುದು ಸಮರ್ಥನೆ. ಓದದೆ ಹಾಕಿದ ನನ್ನ ಸಹಿಯಂತೆಯೇ.

ಸಂಜೆ ಆ ಹಾಳೆಯ ಪ್ರತಿಯಲ್ಲಿದ್ದ ನಂಬರಿಗೆ ಫೋನ್ ಮಾಡಿ, ಅಮ್ಮನ ಉತ್ತರಗಳನ್ನು ತೆಗೆದುಹಾಕಿ ಎಂದೆ. ಹುಡುಗಿ ಕಾರಣ ಕೇಳಲಿಲ್ಲ. "ತಪ್ಪು ನನ್ನದು, ಅವರನ್ನೇ ಕೇಳಬೇಕಿತ್ತು," ಎಂದಳು. ಅರ್ಧ ತಪ್ಪು ನನ್ನದು ಎಂದೆ.

ಊರು ಬಿಟ್ಟ ನಾವು ವಯಸ್ಸಾದ ಅಪ್ಪ ಅಮ್ಮಂದಿರನ್ನು ಅವರಿಗೆ ಭಾಷೆ ಬಾರದ ಊರುಗಳಿಗೆ ಕರೆತಂದಿದ್ದೇವೆ. ಆಸ್ಪತ್ರೆಯಲ್ಲಿ, ಬ್ಯಾಂಕಿನಲ್ಲಿ, ಸಮೀಕ್ಷೆಯವರ ಮುಂದೆ ಅವರ ಪರವಾಗಿ ಮಾತಾಡುವುದು ನಮಗೆ ಅಭ್ಯಾಸವಾಗಿಬಿಟ್ಟಿದೆ. ಮುಂದಿನ ಸಲ ಯಾರಾದರೂ ಹಾಳೆ ಚಾಚಿದಾಗ, ಪೆನ್ನು ತೆಗೆಯುವ ಮೊದಲು ಅದರಲ್ಲಿರುವುದನ್ನು ಕನ್ನಡದಲ್ಲಿ ಓದಿ ಹೇಳೋಣ. ಬೇಡ ಎಂದರೆ, ಬೇಡ ಎಂದೇ ಅನುವಾದಿಸೋಣ.