ಕಣ್ಣು ಚೆನ್ನಾಗಿ ಕಾಣುವಾಗಲೇ ಪರೀಕ್ಷೆ ಮಾಡಿಸಿಕೊಳ್ಳಿ



ಹಸುವಿನ ಕೆಚ್ಚಲು ಊದಿರುವುದಿಲ್ಲ, ಹಾಲು ಒಡೆದಿರುವುದಿಲ್ಲ, ಮೇವನ್ನೂ ಚೆನ್ನಾಗಿ ತಿನ್ನುತ್ತಿರುತ್ತದೆ. ಆದರೂ ಸಿ.ಎಂ.ಟಿ. ಪರೀಕ್ಷೆ ಮಾಡಿದಾಗ ಬಟ್ಟಲಿನಲ್ಲಿ ಹಾಲು ಲೋಳೆಯಾಗುತ್ತದೆ. ಇದು ಗುಪ್ತ ಕೆಚ್ಚಲು ಬಾವು ಎಂಬುದು ನಿಮಗೆಲ್ಲ ಗೊತ್ತು. ಹೊರಗೆ ಕಾಣುವ ಮೊದಲೇ ಹಿಡಿದರೆ ಕೆಚ್ಚಲು ಉಳಿಯುತ್ತದೆ.

ಸಕ್ಕರೆ ಕಾಯಿಲೆ ನಮ್ಮ ಕಣ್ಣಿಗೆ ಮಾಡುವ ಹಾನಿಯೂ ಹೀಗೆಯೇ ಗುಪ್ತವಾಗಿ ಶುರುವಾಗುತ್ತದೆ. ನಾನು ದನಗಳ ಡಾಕ್ಟರು, ನಿಮ್ಮ ಕಣ್ಣಿಗೆ ಚಿಕಿತ್ಸೆ ಹೇಳುವುದು ಕಣ್ಣಿನ ವೈದ್ಯರ ಕೆಲಸ. ಆದರೆ ಹಸುವಿಗೆ ಚೂರು ಜ್ವರ ಬಂದರೂ ಫೋನ್ ಮಾಡುವ ನೀವು, ನಿಮ್ಮ ಕಣ್ಣು ಮಂಜಾದರೆ "ವಯಸ್ಸಾಯಿತು ಬಿಡಿ ಸಾರ್" ಎಂದು ಸುಮ್ಮನಾಗುತ್ತೀರಿ. ಅದಕ್ಕಾಗಿ ಈ ಲೇಖನ.

ಕಣ್ಣಿನೊಳಗೆ ಏನಾಗುತ್ತದೆ?

ಕಣ್ಣಿನ ಹಿಂಭಾಗದಲ್ಲಿ ರೆಟಿನಾ ಎಂಬ ತೆಳುವಾದ ಪರದೆ ಇದೆ. ನಾವು ನೋಡುವ ಚಿತ್ರ ಮೂಡುವುದು ಅದರ ಮೇಲೆ. ಕೂದಲಿಗಿಂತ ಸಣ್ಣ ರಕ್ತನಾಳಗಳು ಅದಕ್ಕೆ ಆಹಾರ ಒದಗಿಸುತ್ತವೆ. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಹೆಚ್ಚಿದ್ದರೆ ಈ ನಾಳಗಳ ಗೋಡೆ ದುರ್ಬಲವಾಗಿ, ಹಳೆಯ ಡ್ರಿಪ್ ಪೈಪಿನಂತೆ ಅಲ್ಲಲ್ಲಿ ಸೋರುತ್ತದೆ. ಕೆಲವು ನಾಳಗಳು ಕಟ್ಟಿಕೊಳ್ಳುತ್ತವೆ. ಆಗ ಹೊಸ ನಾಳಗಳು ಹುಟ್ಟುತ್ತವೆ, ಆದರೆ ಅವು ಗಟ್ಟಿಯಿರುವುದಿಲ್ಲ, ಒಡೆದು ಕಣ್ಣೊಳಗೆ ರಕ್ತ ಹರಡಬಹುದು. ಪರದೆಯೇ ಕಿತ್ತು ಬರಲೂಬಹುದು.

ಬಹಳ ದಿನಗಳವರೆಗೆ ಇದಾವುದೂ ನಿಮ್ಮ ಅರಿವಿಗೆ ಬರುವುದಿಲ್ಲ. ನೋವಿಲ್ಲ, ಕೆಂಪಾಗುವುದಿಲ್ಲ, ಸೂಜಿಗೆ ದಾರವನ್ನೂ ಪೋಣಿಸುತ್ತೀರಿ. ದೃಷ್ಟಿ ಕಡಿಮೆಯಾದದ್ದು ತಿಳಿಯುವಷ್ಟರಲ್ಲಿ ಹಾನಿ ಮುಂದುವರಿದಿರುತ್ತದೆ.

ಮಂಜಾಗುವುದೆಲ್ಲ ಒಂದೇ ಅಲ್ಲ

ಚಾಳೀಸು: 40 ದಾಟಿದ ಮೇಲೆ ಹತ್ತಿರದ ಅಕ್ಷರ, ಹಾಲಿನ ಚೀಟಿಯ ಅಂಕಿ ಮಸುಕಾಗುವುದು ಸಹಜ. ಇದಕ್ಕೆ ಕನ್ನಡಕ ಸಾಕು.

ಸಕ್ಕರೆ ಏರಿಳಿತದ ಮಂಜು: ಸಕ್ಕರೆ ಹೆಚ್ಚಾದಾಗ ಕಣ್ಣಿನ ಮಸೂರ ಊದಿಕೊಂಡು ನೋಟ ಬದಲಾಗುತ್ತದೆ. ಕೆಲವರಿಗೆ ಇದ್ದಕ್ಕಿದ್ದಂತೆ ಕನ್ನಡಕವಿಲ್ಲದೆ ಓದಲು ಬರುತ್ತದೆ. ಕಣ್ಣು ಸರಿಹೋಯಿತು ಎಂದು ಸಂತೋಷಪಡುವ ಮೊದಲು ಸಕ್ಕರೆ ಪರೀಕ್ಷಿಸಿಕೊಳ್ಳಿ. ಸಕ್ಕರೆ ಹತೋಟಿಗೆ ಬಂದು ಕೆಲವು ವಾರ ಕಳೆದ ಮೇಲೆಯೇ ಹೊಸ ಕನ್ನಡಕ ಮಾಡಿಸಿ. ಇಲ್ಲದಿದ್ದರೆ ಹಣ ದಂಡ.

ಪೊರೆ: ಸಕ್ಕರೆ ಕಾಯಿಲೆ ಇದ್ದವರಿಗೆ ಬೇಗ ಬರುತ್ತದೆ. ಶಸ್ತ್ರಚಿಕಿತ್ಸೆಯಿಂದ ದೃಷ್ಟಿ ಮರಳುತ್ತದೆ. ಆದರೆ ಪೊರೆಯ ಹಿಂದೆ ರೆಟಿನಾ ಕೂಡ ಹಾಳಾಗಿರಬಹುದು. "ಪೊರೆ ಬಲಿಯಲಿ" ಎಂದು ಕಾಯುತ್ತಾ ಕೂರಬೇಡಿ.

ಗ್ಲಾಕೋಮಾ: ಕಣ್ಣಿನ ನರ ಹಾಳಾಗಿ ಅಕ್ಕಪಕ್ಕದ ನೋಟ ಮೊದಲು ಹೋಗುತ್ತದೆ. ಸಕ್ಕರೆ ಕಾಯಿಲೆ ಇದ್ದವರಲ್ಲಿ ಇದರ ಸಾಧ್ಯತೆ ಹೆಚ್ಚು. ಹೋದ ನೋಟ ಮರಳುವುದಿಲ್ಲ, ಉಳಿದದ್ದನ್ನು ಕಾಪಾಡಬಹುದು.

ಪರೀಕ್ಷೆ ಯಾವಾಗ?

30 ವರ್ಷ ದಾಟಿದ ಎಲ್ಲರೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಕ್ಕರೆ ಮತ್ತು ರಕ್ತದೊತ್ತಡ ಪರೀಕ್ಷೆ ಮಾಡಿಸಿಕೊಳ್ಳಿ. ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. ದೊಡ್ಡವರಿಗೆ ಸಾಮಾನ್ಯವಾಗಿ ಬರುವ ಸಕ್ಕರೆ ಕಾಯಿಲೆ ಎರಡನೇ ವಿಧದ್ದು. ಅದು ಇದೆ ಎಂದು ತಿಳಿದ ಕೂಡಲೇ ರೆಟಿನಾ ಪರೀಕ್ಷೆ ಆಗಬೇಕು, ಆಮೇಲೆ ವರ್ಷಕ್ಕೊಮ್ಮೆ. ಗೋಡೆಯ ಮೇಲಿನ ಅಕ್ಷರ ಓದಿಸಿದರೆ ಸಾಲದು. ಮೊದಲೇ ಸಕ್ಕರೆ ಕಾಯಿಲೆ ಇದ್ದು ಗರ್ಭಿಣಿಯಾದವರು ಮೊದಲ ಮೂರು ತಿಂಗಳಲ್ಲೇ ಕಣ್ಣು ತೋರಿಸಬೇಕು. ಗರ್ಭಾವಸ್ಥೆಯಲ್ಲಿ ರೆಟಿನಾ ತೊಂದರೆ ಬೇಗ ಹೆಚ್ಚಬಹುದು.

ಪರೀಕ್ಷೆಯ ದಿನ

ಬೆಳಗಿನ ಹಾಲು ಡೇರಿಗೆ ಹಾಕಿ ಹೊರಡಿ. ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ. ಪಾಪೆ ಹಿಗ್ಗಿಸಲು ಔಷಧಿಯ ಹನಿ ಹಾಕುತ್ತಾರೆ. ಕೆಲವು ಗಂಟೆ ಕಣ್ಣು ಮಂಜಾಗಿ, ಬಿಸಿಲು ಕುಕ್ಕುತ್ತದೆ. ಅದು ಇಳಿಯುವವರೆಗೆ ಸ್ಕೂಟರ್ ಓಡಿಸಬೇಡಿ, ಮೇವು ಕತ್ತರಿಸುವ ಯಂತ್ರದ ಹತ್ತಿರ ಹೋಗಬೇಡಿ. ಸಂಜೆಯ ಹಾಲು ಕರೆಯಲು ಮನೆಯಲ್ಲಿ ಮೊದಲೇ ಹೇಳಿಡಿ.

ತೊಂದರೆ ಕಂಡರೆ ಲೇಸರ್, ಕಣ್ಣಿಗೆ ಕೊಡುವ ಚುಚ್ಚುಮದ್ದು ಅಥವಾ ಶಸ್ತ್ರಚಿಕಿತ್ಸೆ ಇದೆ. ಇವುಗಳ ಮುಖ್ಯ ಉದ್ದೇಶ ಇರುವ ದೃಷ್ಟಿಯನ್ನು ಉಳಿಸುವುದು. ಹಾಗಾಗಿ ಬೇಗ ಹೋದಷ್ಟೂ ಲಾಭ.

ಅದೇ ದಿನ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು

• ಕಣ್ಣ ಮುಂದೆ ಇದ್ದಕ್ಕಿದ್ದಂತೆ ಕಪ್ಪು ಚುಕ್ಕೆ, ಜೇಡರ ಬಲೆಯಂಥ ಎಳೆ ತೇಲುವುದು
• ಮಿಂಚು ಹೊಡೆದಂತೆ ಕಾಣುವುದು
• ಒಂದು ಕಡೆಯಿಂದ ಪರದೆ ಇಳಿಬಿಟ್ಟಂತಾಗುವುದು
• ಒಂದು ಕಣ್ಣು ಇದ್ದಕ್ಕಿದ್ದಂತೆ ಕಾಣದಾಗುವುದು

ಎರಡೂ ಕಣ್ಣು ತೆರೆದಿದ್ದರೆ ಒಂದರ ದೋಷವನ್ನು ಇನ್ನೊಂದು ಮುಚ್ಚಿಹಾಕುತ್ತದೆ. ಆಗಾಗ ಒಂದೊಂದೇ ಕಣ್ಣು ಮುಚ್ಚಿ ಗೋಡೆಯ ಕ್ಯಾಲೆಂಡರ್ ನೋಡಿ. ಆದರೆ ಇದು ವರ್ಷದ ಪರೀಕ್ಷೆಗೆ ಬದಲಿಯಲ್ಲ.

ಕಣ್ಣಿಗೆ ಸೊಪ್ಪಿನ ರಸ, ಎದೆಹಾಲು ಹಾಕಬೇಡಿ. ದನದ ಕಣ್ಣಿಗೆಂದು ನಾವು ಕೊಟ್ಟ ಮುಲಾಮನ್ನು ನೀವು ಹಚ್ಚಿಕೊಳ್ಳಲೇಬೇಡಿ. ಸಕ್ಕರೆ, ಬಿ.ಪಿ. ಮಾತ್ರೆಗಳನ್ನು "ಈಗ ಆರಾಮಾಗಿದ್ದೇನೆ" ಎಂದು ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ. ಹೊಗೆಸೊಪ್ಪು ಬಿಡಿ.

ಹಸುಗಳ ಲಸಿಕೆಯ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳುತ್ತೀರಲ್ಲ, ಅದರ ಪಕ್ಕದಲ್ಲೇ ನಿಮ್ಮ ಕಣ್ಣಿನ ಪರೀಕ್ಷೆಯ ದಿನವನ್ನೂ ಬರೆದಿಡಿ.

– ಪಶುವೈದ್ಯಾಧಿಕಾರಿ