ಬೀಗದಕೈ ಯಾರ ಕೈಗೆ?

ತಂದೆ ಬೆವರು ಸುರಿಸಿ ಕಟ್ಟಿದ ಅಂಗಡಿಯನ್ನೋ ಬೇಕರಿಯನ್ನೋ ಮುಂದೆ ನಡೆಸುವವರು ಯಾರು? ನಮ್ಮ ಅನೇಕ ಮನೆಗಳಲ್ಲಿ ಈ ಪ್ರಶ್ನೆ ಎತ್ತುವುದೇ ಅಶುಭವೆಂಬ ಭಾವನೆಯಿದೆ. ಹಿರಿಯರ ಸಾವನ್ನು ಬಯಸಿದಂತಾದೀತೆಂದು ಮಕ್ಕಳು ಬಾಯಿ ತೆರೆಯುವುದಿಲ್ಲ. ಅಧಿಕಾರ ಕೈತಪ್ಪೀತೆಂದು ಹಿರಿಯರು ಮಾತೆತ್ತುವುದಿಲ್ಲ. ಈ ಮೌನಕ್ಕೆ ನಾವು ತೆರುವ ಬೆಲೆ ದೊಡ್ಡದು.

ರಿಲಯನ್ಸ್ ಉದ್ಯಮದ ಸ್ಥಾಪಕ ಧೀರೂಭಾಯಿ ಅಂಬಾನಿಯವರು 2002ರ ಜುಲೈ 6ರಂದು ನಿಧನರಾದಾಗ ಉಯಿಲು ಬರೆದಿಟ್ಟಿರಲಿಲ್ಲ. 2004ರ ನವೆಂಬರ್‌ನಲ್ಲಿ ಅವರ ಪುತ್ರರಾದ ಮುಕೇಶ್ ಮತ್ತು ಅನಿಲ್ ನಡುವಣ ವೈಮನಸ್ಯ ಬೀದಿಗೆ ಬಂತು. 2005ರ ಜೂನ್‌ನಲ್ಲಿ ತಾಯಿ ಕೋಕಿಲಾಬೆನ್ ನಡುವೆ ನಿಂತು ಉದ್ಯಮ ಹಂಚಿದರು: ತೈಲ, ಪೆಟ್ರೋರಾಸಾಯನಿಕಗಳು ಹಿರಿಯನಿಗೆ, ದೂರಸಂಪರ್ಕ, ವಿದ್ಯುತ್, ಹಣಕಾಸು ಕಿರಿಯನಿಗೆ. ಅಲ್ಲಿಗೂ ಮುಗಿಯಲಿಲ್ಲ. ನೈಸರ್ಗಿಕ ಅನಿಲದ ದರದ ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. ಮನೆಯೊಳಗಿನ ಒಡಂಬಡಿಕೆಯು ಕಂಪೆನಿಯನ್ನು ಬಂಧಿಸದೆಂದು 2010ರ ಮೇ ತಿಂಗಳಲ್ಲಿ ತೀರ್ಪಾಯಿತು.

ನಮ್ಮ ಸಣ್ಣ ವ್ಯಾಪಾರಗಳಿಗೂ ಈ ಪಾಠ ಸಲ್ಲುತ್ತದೆ. ತಂದೆ ಉಯಿಲಿಲ್ಲದೆ ತೀರಿಕೊಂಡರೆ, ಕ್ರೈಸ್ತರಿಗೆ ಸಾಮಾನ್ಯವಾಗಿ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮದಂತೆ ಆಸ್ತಿಯ ಮೂರನೇ ಒಂದು ಭಾಗ ಪತ್ನಿಗೆ, ಉಳಿದದ್ದು ಗಂಡುಹೆಣ್ಣೆಂಬ ಭೇದವಿಲ್ಲದೆ ಮಕ್ಕಳಿಗೆ ಸಮಪಾಲು. ಇದು ನ್ಯಾಯವೇ ಸರಿ. ಆದರೆ ಕಾನೂನು ಆಸ್ತಿಯನ್ನು ಹಂಚುತ್ತದೆ, ಹೊಣೆಯನ್ನು ಹಂಚುವುದಿಲ್ಲ. ಹತ್ತು ವರ್ಷ ಗಲ್ಲಾದಲ್ಲಿ ಕುಳಿತು ದುಡಿದ ಮಗಳಿಗೂ, ದುಬೈಯಿಂದ ವರ್ಷಕ್ಕೊಮ್ಮೆ ಬರುವ ಮಗನಿಗೂ ಪಾಲು ಒಂದೇ. ಬೆಳಿಗ್ಗೆ ಅಂಗಡಿಯ ಕದ ತೆರೆಯುವವರು ಯಾರೆಂದು ಕಾನೂನು ಹೇಳದು.

ಆದುದರಿಂದ ಒಡೆತನ ಬೇರೆ, ಆಡಳಿತ ಬೇರೆ ಎಂಬುದನ್ನು ನಾವು ಮೊದಲು ಮನಗಾಣಬೇಕು. ದುಡಿಯುವವರಿಗೆ ಸಂಬಳ ನಿಗದಿಯಾಗಲಿ. ಪಾಲುಳ್ಳವರಿಗೆಲ್ಲ ಲಾಭ ಸಲ್ಲಲಿ. ಹೊರಗೆ ಹೋಗಬಯಸುವವರ ಪಾಲಿಗೆ ಬೆಲೆ ಕಟ್ಟುವ ಕ್ರಮವನ್ನು ಜಗಳಕ್ಕೆ ಮೊದಲೇ ಬರೆದಿಡೋಣ. ಕಂಪೆನಿಯೋ ಪಾಲುದಾರಿಕೆಯೋ ಇದ್ದರೆ ಅದರ ಪತ್ರಗಳಲ್ಲೂ ಇದು ಸೇರಲಿ. ಉಯಿಲಿಗೆ ಇಬ್ಬರು ಸಾಕ್ಷಿಗಳ ರುಜು ಬೇಕು. ಪಾಲು ಪಡೆಯುವವರಾಗಲಿ, ಅವರ ಪತಿ ಅಥವಾ ಪತ್ನಿಯಾಗಲಿ ಸಾಕ್ಷಿಯಾದರೆ ಆ ಪಾಲೇ ರದ್ದಾದೀತು.

ಎಲ್ಲಕ್ಕಿಂತ ಮಿಗಿಲಾಗಿ, ಹಿರಿಯರು ಗಟ್ಟಿಯಾಗಿರುವಾಗಲೇ ಬೀಗದಕೈಯನ್ನು ಒಪ್ಪಿಸಲಿ. ಹೊಸಬರು ಎಡವಿದರೆ ಪಕ್ಕದಲ್ಲಿ ನಿಂತು ತಿದ್ದಬಹುದು. ಸಮಾಧಿಯಿಂದ ತಿದ್ದಲಾಗದು. ವ್ಯಾಪಾರ ಮುಚ್ಚಿದರೆ ಇನ್ನೊಂದನ್ನು ತೆರೆಯಬಹುದು. ಒಡಹುಟ್ಟಿದವರ ನಡುವೆ ಮುಚ್ಚಿದ ಬಾಗಿಲನ್ನು ತೆರೆಯುವುದು ಅಷ್ಟು ಸುಲಭವಲ್ಲ.