ರಕ್ತಕ್ಕೂ ಸೋಡಾ ಹಾಕಬಹುದಲ್ಲ?

ಐಸಿಯು ಹೊರಗೆ ಎರಡು ದಿನ ಕುಳಿತರೆ ಸಾಕು, ಎಂಥವರಿಗೂ ಒಂದಿಷ್ಟು ಹೊಸ ಅಂಕಿಗಳು ಬಾಯಿಪಾಠವಾಗುತ್ತವೆ. ಬಿಪಿ, ಆಕ್ಸಿಜನ್, ಕ್ರಿಯಾಟಿನಿನ್. ಎಲ್ಲಕ್ಕಿಂತ ಕೊನೆಗೆ ಪರಿಚಯವಾಗುವುದು ರಕ್ತದ ಪಿಎಚ್. ಮಣಿಕಟ್ಟಿನ ಅಪಧಮನಿಯಿಂದ ಸ್ವಲ್ಪ ರಕ್ತ ತೆಗೆದು ಎಬಿಜಿ ಯಂತ್ರಕ್ಕೆ ಕೊಟ್ಟರೆ ಕೆಲವೇ ನಿಮಿಷದಲ್ಲಿ ಚೀಟಿ ಹೊರಬರುತ್ತದೆ. 7.35ರಿಂದ 7.45ರ ನಡುವೆ ಇದ್ದರೆ ಸರಿ. 7.2ಕ್ಕಿಂತ ಕೆಳಗಿಳಿದರೆ ಡಾಕ್ಟರು ಮನೆಯವರನ್ನು ಒಳಗೆ ಕರೆದು ಮಾತಾಡುತ್ತಾರೆ.

ಪುಣೆಯ ಆಸ್ಪತ್ರೆಯೊಂದರಲ್ಲಿ ನನ್ನ ಸೋದರಮಾವನ ಚೀಟಿಯಲ್ಲಿ 7.14 ಇತ್ತು. ಹಳೆಯ ಸಕ್ಕರೆ ಕಾಯಿಲೆ, ಕಾಲಿನ ಗಾಯ ನಂಜಾಗಿ ರಕ್ತಕ್ಕೆ ಏರಿತ್ತು, ಮೂತ್ರ ಹೆಚ್ಚುಕಡಿಮೆ ನಿಂತಿತ್ತು. ರಕ್ತದಲ್ಲಿ ಆಸಿಡ್ ಜಾಸ್ತಿಯಾಗಿದೆಯಂತೆ ಅಂದೆ. ಧಾರವಾಡದಿಂದ ರಾತ್ರಿ ಬಸ್ಸಿನಲ್ಲಿ ಬಂದಿಳಿದಿದ್ದ ಅತ್ತೆ ಕೇಳಿದ್ದು ಇಷ್ಟೇ: “ಹೊಟ್ಟ್ಯಾಗ ಆಸಿಡ್ ಆದ್ರ ಸೋಡಾ ಕುಡಸ್ತೀವಲ್ಲೋ, ರಕ್ತಕ್ಕೂ ಅದನ್ನ ಹಾಕಿದ್ರ ಆತಲ್ಲ?”

ನಗುವಂಥ ಪ್ರಶ್ನೆಯೇನಲ್ಲ ಇದು. ಐಸಿಯು ತಜ್ಞರು ದಶಕಗಳಿಂದ ವಾದ ಮಾಡುತ್ತಿರುವುದು ಇದರ ಮೇಲೆಯೇ. ರಕ್ತನಾಳಕ್ಕೆ ಕೊಡುವ ಸೋಡಿಯಂ ಬೈಕಾರ್ಬನೇಟ್ ನಮ್ಮ ಅಡುಗೆ ಸೋಡಾದ್ದೇ ಶುದ್ಧ ರೂಪ. ನಮ್ಮಲ್ಲಿ ಸಾಮಾನ್ಯವಾಗಿ 7.5 ಪರ್ಸೆಂಟಿನ ಪುಟ್ಟ ಆಂಪೂಲ್‌ಗಳಲ್ಲಿ ಸಿಗುತ್ತದೆ. ಐಸಿಯು ಬಿಲ್ಲಿನಲ್ಲಿ ನೋಡಿದೊಡನೆ ಎದೆ ಧಸಕ್ ಅನ್ನದ ಕೆಲವೇ ಸಾಲುಗಳಲ್ಲಿ ಅದೂ ಒಂದು. ಇಷ್ಟು ಸರಳವಾದದ್ದನ್ನು ಕೊಡಲು ಡಾಕ್ಟರು ಯಾಕೆ ಹಿಂದೆಮುಂದೆ ನೋಡುತ್ತಾರೆ?

ಸೋಡಾದ ಮೇಲೆ ನಿಂಬೆಹಣ್ಣು ಹಿಂಡಿ ನೋಡಿ, ಬುಸ್ಸೆಂದು ನೊರೆ ಏಳುತ್ತದೆ. ಆ ನೊರೆಯೊಳಗಿನ ಗಾಳಿ ಕಾರ್ಬನ್ ಡೈಆಕ್ಸೈಡ್. ರಕ್ತದಲ್ಲೂ ನಡೆಯುವುದು ಅದೇ. ಬೈಕಾರ್ಬನೇಟ್ ಆಮ್ಲವನ್ನು ಹಿಡಿದುಕೊಂಡು ನೀರು ಮತ್ತು ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಅದನ್ನು ಹೊರಹಾಕಬೇಕಾದದ್ದು ಶ್ವಾಸಕೋಶ. ಮೊದಲೇ ಏದುಸಿರು ಬಿಡುತ್ತಿರುವ ರೋಗಿಗೆ, ಅಥವಾ ವೆಂಟಿಲೇಟರ್ ಸಾಕಷ್ಟು ಗಾಳಿ ಆಡಿಸದಿದ್ದರೆ, ಆ ಅನಿಲ ಒಳಗೇ ಉಳಿಯುತ್ತದೆ. ಅದು ಜೀವಕೋಶಗಳ ಗೋಡೆಯನ್ನು ಸಲೀಸಾಗಿ ದಾಟುವುದರಿಂದ, ಚೀಟಿಯ ಮೇಲಿನ ಪಿಎಚ್ ಏರುತ್ತಿದ್ದರೂ ಕೋಶಗಳ ಒಳಗೆ ಆಮ್ಲ ಹೆಚ್ಚಬಹುದು. ಸಾಲದ್ದಕ್ಕೆ ಸೋಡಿಯಂ ಹೊರೆ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ, ಹೃದಯಕ್ಕೆ ಬೇಕಾದ ಕ್ಯಾಲ್ಸಿಯಂ ಕೂಡ ಇಳಿಯುತ್ತದೆ.

ಹಾಗಂತ ಅತ್ತೆಯ ತರ್ಕ ಹೊಸದೂ ಅಲ್ಲ, ಹುಸಿಯೂ ಅಲ್ಲ. 1831ರಲ್ಲಿ ಇಂಗ್ಲೆಂಡಿಗೆ ಕಾಲರಾ ಬಂದಾಗ ಇಪ್ಪತ್ತರ ಹರೆಯದ ವಿಲಿಯಂ ಒ'ಶಾನೆಸ್ಸಿ ರೋಗಿಗಳ ರಕ್ತವನ್ನು ಪರೀಕ್ಷಿಸಿ, ಅದರಲ್ಲಿ ನೀರು, ಉಪ್ಪು, ಕ್ಷಾರ ಮೂರೂ ಕಡಿಮೆಯಾಗಿವೆ ಎಂದು ತೋರಿಸಿದ. ಮರುವರ್ಷ ಸ್ಕಾಟ್ಲೆಂಡಿನ ಲೀತ್‌ನಲ್ಲಿ ಥಾಮಸ್ ಲಾಟಾ ಎಂಬ ವೈದ್ಯ ಉಪ್ಪು ಮತ್ತು ಸೋಡಾ ಬೆರೆಸಿದ ನೀರನ್ನು ನೇರವಾಗಿ ರಕ್ತನಾಳಕ್ಕೇ ಹರಿಸಿದ. (ಈ ಒ'ಶಾನೆಸ್ಸಿ ಮುಂದೆ ಕಲ್ಕತ್ತಾಕ್ಕೆ ಬಂದು ಭಾರತದ ಟೆಲಿಗ್ರಾಫ್ ಜಾಲ ಕಟ್ಟಿದ. ವೈದ್ಯಕೀಯ ಓದಿ ನಮ್ಮ ಕ್ಷೇತ್ರಕ್ಕೆ ಬಂದವರಲ್ಲಿ ಬಹುಶಃ ಆತನೇ ಮೊದಲಿಗ.) ಕಾಲರಾದಲ್ಲಿ ಈ ಉಪಾಯ ಫಲಿಸಿದ್ದಕ್ಕೆ ಕಾರಣ ಸ್ಪಷ್ಟ: ಅಲ್ಲಿ ಭೇದಿಯ ಜೊತೆ ಬೈಕಾರ್ಬನೇಟ್ ದೇಹದಿಂದ ನಿಜವಾಗಿ ಹೊರಹೋಗುತ್ತದೆ. ಹೋದದ್ದನ್ನು ತುಂಬಿಕೊಟ್ಟಂತೆ. ಹಳೆಯ ಓಆರ್‌ಎಸ್ ಪುಡಿಯಲ್ಲೂ ಸೋಡಾ ಇತ್ತು. ಬೇಗ ಕೆಡುತ್ತದೆಂದು ಆಮೇಲೆ ಸಿಟ್ರೇಟ್‌ಗೆ ಬದಲಾಯಿಸಿದರು.

ನಂಜೇರಿದಾಗಿನ ಆಮ್ಲದ ಕಥೆ ಬೇರೆ. ಅಂಗಗಳಿಗೆ ರಕ್ತ ಸರಿಯಾಗಿ ಹರಿಯದೆ ಲ್ಯಾಕ್ಟಿಕ್ ಆಮ್ಲ ಕ್ಷಣಕ್ಷಣಕ್ಕೂ ತಯಾರಾಗುತ್ತಿರುತ್ತದೆ. ಮೂಲ ನಿಲ್ಲಿಸದೆ ಪಿಎಚ್ ಒಂದನ್ನೇ ಏರಿಸುವುದು ಅಲಾರಾಂ ಬಾಯಿ ಮುಚ್ಚಿಸಿ ಸರ್ವರ್ ಸರಿಯಾಯಿತು ಅಂದಂತೆ. 1990ರಲ್ಲಿ ಕೆನಡಾದ ವೈದ್ಯರು ಇಂಥ 14 ರೋಗಿಗಳಿಗೆ ಒಮ್ಮೆ ಬೈಕಾರ್ಬನೇಟ್, ಒಮ್ಮೆ ಉಪ್ಪುನೀರು ಕೊಟ್ಟು ಅಳೆದರು. ಪಿಎಚ್ ಏರಿತು, ಆದರೆ ಬಿಪಿಯಾಗಲಿ ಹೃದಯದ ಕೆಲಸವಾಗಲಿ ಉಪ್ಪುನೀರಿಗಿಂತ ಹೆಚ್ಚೇನೂ ಸುಧಾರಿಸಲಿಲ್ಲ. ಆಮೇಲೆ ಬಹುಕಾಲ ಬೈಕಾರ್ಬ್ ಕೊಡುವವರು ಸ್ವಲ್ಪ ಸಂಕೋಚದಿಂದಲೇ ಕೊಟ್ಟರು.

ಮಾವನಿಗೂ ಕೊಟ್ಟರು. ಕಿಡ್ನಿ ಕೈಕೊಟ್ಟಿರುವುದರಿಂದ ಕೊಡುತ್ತಿದ್ದೇವೆ ಎಂದು ಡಾಕ್ಟರು ಹೇಳಿಯೇ ಕೊಟ್ಟರು. ಡಯಾಲಿಸಿಸ್ ಬೇಕಾಗಲಿಲ್ಲ. ಎರಡು ಕಾಲ್ಬೆರಳು ಕಳೆದುಕೊಂಡರೂ ಮಾವ ತಮ್ಮ ಕಾಲ ಮೇಲೆ ನಡೆದೇ ಧಾರವಾಡದ ಬಸ್ಸು ಹತ್ತಿದರು. ಅತ್ತೆಯ ಲೆಕ್ಕದಲ್ಲಿ ಪುಣ್ಯವೆಲ್ಲ ಸೋಡಾದ್ದು. ಆದರೆ ಅದೇ ದಿನ ಸರ್ಜನ್ ಕಾಲಿನ ಕೀವು ತೆಗೆದಿದ್ದರು, ಆಂಟಿಬಯಾಟಿಕ್ ಬದಲಾಗಿತ್ತು. ಉಳಿಸಿದ್ದು ಯಾವುದು? ಒಬ್ಬರ ಕಥೆಯಿಂದ ಇದನ್ನು ಬಿಡಿಸಲಾಗದು. ನೂರಾರು ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿಯೇ ನೋಡಬೇಕು.

ಫ್ರಾನ್ಸಿನವರು ಅದನ್ನು ಎರಡು ಸಲ ಮಾಡಿದರು. 2018ರಲ್ಲಿ ಪ್ರಕಟವಾದ ಮೊದಲನೆಯದರಲ್ಲಿ 26 ಐಸಿಯುಗಳ, ಪಿಎಚ್ 7.20 ಅಥವಾ ಅದಕ್ಕೂ ಕಡಿಮೆಯಿದ್ದ 389 ರೋಗಿಗಳಿದ್ದರು. ಒಟ್ಟಾರೆ ನೋಡಿದರೆ ಖಚಿತವಾದ ಲಾಭ ಕಾಣಲಿಲ್ಲ. ಆದರೆ ಕಿಡ್ನಿಗೂ ಪೆಟ್ಟು ಬಿದ್ದಿದ್ದವರಲ್ಲಿ 28 ದಿನದೊಳಗಿನ ಸಾವು ಬೈಕಾರ್ಬ್ ಸಿಗದವರಲ್ಲಿ 63 ಪರ್ಸೆಂಟ್, ಸಿಕ್ಕವರಲ್ಲಿ 46. ಆಸೆ ಹುಟ್ಟಿಸುವ ಅಂಕಿ. ಹಾಗಾಗಿ ಅಂಥವರನ್ನೇ ಆರಿಸಿ ಎರಡನೆಯ ಪ್ರಯೋಗ ನಡೆಯಿತು, 627 ರೋಗಿಗಳು, ಫಲಿತಾಂಶ ಬಂದದ್ದು 2025ರಲ್ಲಿ. 90 ದಿನದೊಳಗಿನ ಸಾವು ಎರಡೂ ಗುಂಪಿನಲ್ಲಿ ಸುಮಾರು 62 ಪರ್ಸೆಂಟ್. ಆಸೆ ಅಲ್ಲಿಗೆ ಮುಗಿಯಿತು.

ಆದರೆ ಪತ್ರಿಕೆಗಳ ತಲೆಬರಹದಲ್ಲಿ ಹಿಡಿಸದ ಇನ್ನೊಂದು ಸಾಲು ಅದರಲ್ಲಿದೆ. ಡಯಾಲಿಸಿಸ್ ಥರದ ಚಿಕಿತ್ಸೆ ಬೇಕಾದದ್ದು ಸೋಡಾ ಸಿಗದವರಲ್ಲಿ 50 ಪರ್ಸೆಂಟ್, ಸಿಕ್ಕವರಲ್ಲಿ 35. ಆಮ್ಲ ಏರಿರುವುದೂ ಡಯಾಲಿಸಿಸ್ ಶುರುಮಾಡಲು ಒಂದು ಕಾರಣ, ಸೋಡಾ ಆ ಕಾರಣವನ್ನಷ್ಟೇ ಅಳಿಸುತ್ತದೆ ಎಂದು ಯಾರಾದರೂ ಹೇಳಬಹುದು. ಹೇಳಲಿ. ನೆಪ ತಪ್ಪಿದ್ದರಿಂದಲೇ ಆದರೂ ಕುತ್ತಿಗೆಗೆ ಹಾಕುವ ಆ ದಪ್ಪ ನಳಿಗೆ ತಪ್ಪಿತಲ್ಲ. ಊರು ಬಿಟ್ಟು ಬಂದು, ಕ್ಯಾಶ್ ಕೌಂಟರಿನಲ್ಲಿ ದಿನಾ ಅಡ್ವಾನ್ಸ್ ಕಟ್ಟುತ್ತ ನಿಂತ ಮನೆಯವರಿಗೆ ಇದು ಸಣ್ಣ ವಿಷಯವೇನಲ್ಲ. ಡಯಾಲಿಸಿಸ್ ಯಂತ್ರವೇ ಇಲ್ಲದ ತಾಲ್ಲೂಕು ಆಸ್ಪತ್ರೆಯಲ್ಲಿ ಇನ್ನೂ ದೊಡ್ಡದು. ನನ್ನನ್ನು ಕೇಳಿದರೆ ಬೈಕಾರ್ಬನೇಟ್‌ನ ನಿಜವಾದ ಬೆಲೆ ಇರುವುದು ಇಲ್ಲಿ.

ಸಕ್ಕರೆ ಕಾಯಿಲೆಯವರಿರುವ ಮನೆಗಳಿಗೆ ಇನ್ನೊಂದು ಮಾತು. ಇನ್ಸುಲಿನ್ ಸಾಲದೆ ಕೀಟೋನ್ ಆಮ್ಲ ತುಂಬಿಕೊಂಡಾಗ ಪಿಎಚ್ 7ರ ಕೆಳಗೆ ಹೋಗುವವರೆಗೂ ಸಾಮಾನ್ಯವಾಗಿ ಸೋಡಾ ಕೊಡುವುದಿಲ್ಲ. ಇನ್ಸುಲಿನ್ ಮತ್ತು ಡ್ರಿಪ್ ಕೊಟ್ಟರೆ ದೇಹ ಆ ಕೀಟೋನನ್ನೇ ಕರಗಿಸಿ ಬೈಕಾರ್ಬನೇಟ್ ಮಾಡಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ಡಾಕ್ಟರನ್ನು “ಸೋಡಾ ಯಾಕೆ ಕೊಡ್ತಿಲ್ಲ” ಎಂದು ಕೇಳುವುದಕ್ಕಿಂತ ಆಮ್ಲ ಎಲ್ಲಿಂದ ಬರುತ್ತಿದೆ, ಮೂತ್ರ ಎಷ್ಟು ಹೋಗುತ್ತಿದೆ, ಪೊಟ್ಯಾಸಿಯಂ ಎಷ್ಟಿದೆ ಎಂದು ಕೇಳಿ. ಹೆಚ್ಚಿನವರು ನಿಂತು ಉತ್ತರ ಹೇಳುತ್ತಾರೆ.